ಕಾಕ ಹತ್ತಿದರೆ ಬೊಬ್ಬೆ ಹಾಕುವ ಪಿಕಪ್

ಗಾಡಿ ಕೆಡುವುದು ಒಂದು ಬಗೆ, ಕೆಟ್ಟದ್ದನ್ನು ಗಾಡಿಯವರು ವಿವರಿಸುವುದು ಇನ್ನೊಂದು ಬಗೆ. ಹಾಗಾಗಿ ಮೆಲ್ಕಾರಿನ ನನ್ನ ಗ್ಯಾರೇಜಿನಲ್ಲಿ ನಗುವುದಕ್ಕೆ ಬರಗಾಲ ಇಲ್ಲ. ಆದರೆ ಒಂದು ಹಳೇ ಪಿಕಪ್‌ನ ಕಥೆ ಹೇಳುವಾಗ ಮಾತ್ರ ನಗುವಿನ ಬೆನ್ನಿಗೇ ಬೇಜಾರೂ ಬರುತ್ತದೆ. ಅದರ ಯಜಮಾನರು ಊರೆಲ್ಲ 'ಮೀನಿನ ಕಾಕ' ಎಂದು ಕರೆಯುವ ಹಿರಿಯರು. ಮಂಗಳೂರಿನ ಬಂದರು ಧಕ್ಕೆಯಿಂದ ಮೀನು ತಂದು ಬೆಳ್ತಂಗಡಿ, ಮೂಡುಬಿದಿರೆ ಕಡೆಗೆ ಹೋಗಿ ಮಾರುವವರು. ಗಾಡಿಯ ಕಾಯಿಲೆ ಏನೆಂದರೆ, ಆಕ್ಸಿಲೇಟರ್ ಮುಟ್ಟದಿದ್ದರೂ ಇಂಜಿನ್ ತನ್ನಷ್ಟಕ್ಕೆ ರೇಸ್ ಆಗುವುದು.

೧. ಫೋನಿನಲ್ಲಿ ಪರೀಕ್ಷೆ

ಮೊದಲು ಬಂದದ್ದು ಕಾಕನ ಫೋನು.

"ಗಾಡಿ ಬೊಬ್ಬೆ ಹಾಕ್ತಾ ಉಂಟು ಮಾರಾಯ."

"ಹೇಗೆ ಬೊಬ್ಬೆ ಕಾಕ?"

ಕಾಕ ಬಾಯಲ್ಲಿ ಮಾಡಿ ತೋರಿಸಿದರು. ಅದು ಇಂಜಿನ್ನೋ, ಹೋರಿಯೋ ಗೊತ್ತಾಗಲಿಲ್ಲ. "ಬಾನೆಟ್ ಎತ್ತಿ, ಫೋನು ಸ್ವಲ್ಪ ಹತ್ತಿರ ಹಿಡೀರಿ" ಎಂದೆ. ಹಿಡಿದರು. ಬೊಬ್ಬೆ ಕೇಳಲಿಲ್ಲ. "ಇನ್ನೂ ಸ್ವಲ್ಪ" ಎಂದೆ. ಆಮೇಲೆ ಟರ್‌ರ್ ಎಂದು ದೊಡ್ಡ ಶಬ್ದ, ಮತ್ತೆ ಏನೂ ಇಲ್ಲ.

ಸಂಜೆ ಕಾಕ ಗಾಡಿ ತಂದು ನಿಲ್ಲಿಸಿ, ಜೇಬಿನಿಂದ ಮೊಬೈಲಿನ ಚೂರುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಕೈಜಾರಿ ಇಂಜಿನ್ನಿನ ಫ್ಯಾನಿಗೆ ಬಿದ್ದಿತ್ತು. ದಮಾಮ್‌ನಲ್ಲಿರುವ ಮಗ ಕಳಿಸಿದ ಫೋನು. ಮೊಮ್ಮಗಳು ಮೊದಲ ಸಲ ನಡೆದ ವಿಡಿಯೋ ಅದರೊಳಗೆ ಇತ್ತಂತೆ. ಮಗನ ಫೋನಿನಲ್ಲೂ ಅದು ಉಳಿದಿರಲಿಲ್ಲ.

ನನಗೆ ಕಾಕನೇ ಸಮಾಧಾನ ಹೇಳಿದರು: "ಇರಲಿ. ಅವಳು ಈಗ ಓಡ್ತಾಳಂತೆ. ನಡೆದದ್ದು ಮಾತ್ರ ಈ ಫ್ಯಾನು ನೋಡಿತು."

೨. ಮನೆಯ ಅಭಿಪ್ರಾಯ

ನಾನು ಒಳಗೆ ಕೂತು ಸ್ಟಾರ್ಟ್ ಮಾಡಿದೆ. ಗಾಡಿ ಹಾಲು ಕುಡಿದ ಬೆಕ್ಕಿನ ಹಾಗೆ ಸುಮ್ಮನೆ ಇತ್ತು. ಕಾಕ ಹತ್ತಿ ಕೂತರು, ಬೊಬ್ಬೆ ಶುರು. ಅವರು ಇಳಿದು ನಾನು ಹತ್ತಿದೆ, ಮತ್ತೆ ಸುಮ್ಮನೆ. ಸ್ಪ್ರಿಂಗ್ ಬದಲಿಸಿದೆ, ಪಂಪು ನೋಡಿದೆ, ಕೇಬಲಿಗೆ ಎಣ್ಣೆ ಬಿಟ್ಟೆ. ಏನು ಮಾಡಿದರೂ ಅಷ್ಟೇ.

ಪಕ್ಕದ ಸೀಟಿನಲ್ಲಿ ಕಾಕನ ಹೆಂಡತಿ ಇದ್ದರು. ಅವರು ತಲೆ ಹೊರಗೆ ಹಾಕಿ ಹೇಳಿದರು: "ಇದು ಗಾಡಿಯ ದೋಷ ಅಲ್ಲ. ಮನೆಯಲ್ಲೂ ನಾವೆಲ್ಲ ಸುಮ್ಮನೇ ಇರ್ತೇವೆ. ಇವರು ಬಂದು ಕೂತರೆ ಬೊಬ್ಬೆ ಶುರು."

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ನಗು ಬಿಟ್ಟು ಸ್ವಲ್ಪ ಯೋಚಿಸಿದ್ದರೆ ರೋಗ ಅಲ್ಲೇ ಸಿಗುತ್ತಿತ್ತು. ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ.

೩. ಮೂಡುಬಿದಿರೆಯ ಉಪಾಯ

ಅಷ್ಟರಲ್ಲಿ ಮೂಡುಬಿದಿರೆಯಲ್ಲಿ ಯಾರೋ ಮೆಕ್ಯಾನಿಕ್ ಕಾಕನನ್ನು ಕೂರಿಸಿಕೊಂಡೇ ಸ್ಕ್ರೂ ತಿರುಗಿಸಿ ರೇಸ್ ಇಳಿಸಿಕೊಟ್ಟರು. ಈಗ ಕಾಕ ಕೂತರೆ ಗಾಡಿ ಸರಿ, ಇಳಿದರೆ ಇಂಜಿನ್ ಬಂದ್. ಬ್ಯಾಟರಿಯೋ ಮೊದಲೇ ಮುದಿ. ಒಮ್ಮೆ ಬಂದ್ ಆದರೆ ನಾಲ್ಕು ಜನ ದೂಡಬೇಕು.

ಮೀನು ಹಿಂದೆ, ಕಾಕ ಮುಂದೆ. ಇಳಿಯದೆ ಮಾರುವುದು ಹೇಗೆ? ಅಲ್ಲಿದ್ದ ಒಬ್ಬ ದಪ್ಪದ ಗಿರಾಕಿಗೆ, "ಸ್ವಲ್ಪ ಇಲ್ಲಿ ಕೂತ್ಕೊಳ್ಳಿ, ನಿಮಗೆ ಎರಡು ಬಂಗುಡೆ ಜಾಸ್ತಿ ಕೊಡ್ತೇನೆ" ಎಂದರು. ಗಿರಾಕಿ ಕೂತರು, ಇಂಜಿನ್ ನಿಲ್ಲಲಿಲ್ಲ. ಇದನ್ನು ನೋಡಿದ ಇನ್ನೊಬ್ಬ ಸಪೂರದ ಮನುಷ್ಯ, "ನಾನೂ ಕೂರ್ತೇನೆ ಕಾಕ" ಎಂದು ಹಟ ಹಿಡಿದು, ಅವರನ್ನು ಇಳಿಸಿ ಹತ್ತಿದ. ಹತ್ತಿದ್ದೇ ತಡ, ಇಂಜಿನ್ ಬಂದ್.

ಕಾಕ ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರಂತೆ: "ನಿನಗೆ ಎರಡು ಸಾಕಾಗುವುದಿಲ್ಲ ಮಾರಾಯ, ನಾಲ್ಕು ತಕೊಂಡು ಹೋಗು. ಮೊದಲು ತಿನ್ನು, ಮತ್ತೆ ಬಂದು ಕೂತ್ಕೋ."

೪. ಗುಣವಾದದ್ದು

ಈ ಸುದ್ದಿ ಕೇಳಿದ ಮೇಲೆ ನನ್ನ ತಲೆಗೆ ಹೊಳೆಯಿತು: ವಿಷಯ ಇರುವುದು ಭಾರದಲ್ಲಿ. ಗಾಡಿ ತರಿಸಿ ಮ್ಯಾಟ್ ಎತ್ತಿದೆ. ಮೀನಿನ ಉಪ್ಪುನೀರು ವರ್ಷಗಟ್ಟಲೆ ಇಳಿದು, ಸೀಟಿನ ಕೆಳಗಿನ ತಗಡು ಹಪ್ಪಳವಾಗಿತ್ತು. ದಪ್ಪ ಶರೀರದ ಕಾಕ ಕೂತರೆ ತಗಡು ತಗ್ಗುತ್ತಿತ್ತು, ಅದಕ್ಕೆ ತಾಗಿಕೊಂಡಿದ್ದ ಆಕ್ಸಿಲೇಟರ್ ಕೇಬಲನ್ನು ಎಳೆಯುತ್ತಿತ್ತು. ನನ್ನ ಭಾರಕ್ಕೆ ಅದು ಜಗ್ಗುತ್ತಿರಲಿಲ್ಲ.

ದಪ್ಪ ತಗಡು ಇಟ್ಟು ವೆಲ್ಡಿಂಗ್ ಮಾಡಿದೆ, ಹೊಸ ಕೇಬಲ್ ಹಾಕಿದೆ, ರೇಸ್ ಸರಿಮಾಡಿ ಸ್ಟಾರ್ಟ್ ಮಾಡಿ ಇಳಿದೆ. ಕಾಕ ಹತ್ತಿ ಕೂತು ಕಿವಿಗೊಟ್ಟರು, ಬೊಬ್ಬೆ ಇಲ್ಲ. "ಸ್ಟಾರ್ಟ್ ಆಗಲಿಲ್ಲ" ಎಂದು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮತ್ತೆ ಕೀ ತಿರುಗಿಸಿದರು. ಕರ್‌ರ್! ಬೊಬ್ಬೆ ಹೋದ ಗಳಿಗೆಯಲ್ಲೇ ನನಗೆ ಸ್ಟಾರ್ಟರ್ ರಿಪೇರಿಯ ಕೆಲಸ ಸಿಕ್ಕಿತು.

೫. ಬೆಳ್ತಂಗಡಿಯ ಆಚೆ

ಮರುವಾರ ಕಾಕ ಬಂದದ್ದು ಸಪ್ಪೆ ಮುಖ ಮಾಡಿಕೊಂಡು. ಹಿಂದೆ ಅರ್ಧಕ್ಕರ್ಧ ಮೀನು ಹಾಗೇ ಇತ್ತು.

"ಯಾರೂ ಹೊರಗೆ ಬರುವುದಿಲ್ಲ ಮಾರಾಯ. ಆ ಬೊಬ್ಬೆ ಕೇಳಿಯೇ ಎಲ್ಲ ಪಾತ್ರೆ ಹಿಡ್ಕೊಂಡು ಬರ್ತಾ ಇದ್ದದ್ದು."

ಹಾರ್ನ್ ಯಾಕೆ ಹಾಕುವುದಿಲ್ಲ ಎಂದು ಕೇಳಿದೆ. ಹಾರ್ನ್ ತುಕ್ಕು ಹಿಡಿದು ಸತ್ತು ಎಷ್ಟೋ ಕಾಲವಾಗಿತ್ತು. ಬೊಬ್ಬೆ ಇದ್ದ ಕಾರಣ ಅವರಿಗೆ ಅದು ಬೇಕೇ ಆಗಿರಲಿಲ್ಲ. ಹೊಸ ಹಾರ್ನ್ ಹಾಕಿಕೊಟ್ಟೆ. ಅದರ ಸ್ವರ ಬೆಳ್ತಂಗಡಿ ಕಡೆಗೆ ಬರುವ ಅಡುಗೆ ಗ್ಯಾಸಿನ ಗಾಡಿಯ ಹಾರ್ನಿನ ಹಾಗೆಯೇ ಇತ್ತು. ಉಜಿರೆ ದಾಟಿ ಒಂದು ತಿರುವಿನಲ್ಲಿ ಒತ್ತಿದರೆ, ಹೆಂಗಸರೆಲ್ಲ ಖಾಲಿ ಸಿಲಿಂಡರ್ ಉರುಳಿಸಿಕೊಂಡು ಬಂದರಂತೆ. ಮೀನು ನೋಡಿ ಬೈದರಂತೆ.

ಹಳೆಯ ಬೊಬ್ಬೆಯನ್ನೇ ವಾಪಸ್ ಕೊಡುವ ಎಂದು ಸ್ಕ್ರೂ ತಿರುಗಿಸಿ ನೋಡಿದೆ. ರೇಸ್ ಬಂತು, ಆ ಸ್ವರ ಬರಲಿಲ್ಲ. ತುಕ್ಕು ಹಿಡಿದ ತಗಡು ನಡುಗಿ ಬರುತ್ತಿದ್ದ ಸ್ವರ ಅದು. ಕತ್ತರಿಸಿ ಗುಜರಿಗೆ ಕೊಟ್ಟಾಗಿತ್ತು. ಅಷ್ಟು ಚೆನ್ನಾಗಿ ರಿಪೇರಿ ಮಾಡಬಾರದಿತ್ತು ಎಂದು ನನಗೆ ಅನಿಸಿದ್ದು ಅದೊಂದೇ ಸಲ.

ಕಡೆಗೆ ಕಾಕ ಗಾಡಿ ನಿಲ್ಲಿಸಿ ಮನೆಮನೆಗೆ ನಡೆದೇ ಹೋಗತೊಡಗಿದರು, ಅದೂ ಗಂಟುನೋವಿನ ಕಾಲಿನಲ್ಲಿ. ಹಾಗೆ ಹೋದಾಗ ಒಂದು ಮನೆಯ ಜಗಲಿಯಲ್ಲಿ, ಕಣ್ಣು ಮಂಜಾದ ಅಜ್ಜಿಯೊಬ್ಬರು ಕೂತಿದ್ದರು. ಕಾಕನ ಹಳೇ ಗಿರಾಕಿ. "ಮೀನು ಬೇಕಾ ಅಮ್ಮ?" ಎಂಬ ಸ್ವರ ಕೇಳಿದ್ದೇ, ಅಜ್ಜಿ ಎದ್ದು ಬಂದು ಇವರ ಎರಡೂ ಕೈ ಹಿಡಿದು ಅಳಲಿಕ್ಕೆ ಶುರು ಮಾಡಿದರಂತೆ.

"ನಿನ್ನ ಗಾಡಿಯ ಬೊಬ್ಬೆ ನಿಂತಿತಲ್ಲ ಮಗಾ, ನೀನು ತೀರಿಹೋದೆ ಅಂತಲೇ ಲೆಕ್ಕ ಹಾಕಿದೆ."

ಕಾಕನ ಕಣ್ಣಲ್ಲೂ ನೀರು. "ಇಲ್ಲಮ್ಮ, ಇದ್ದೇನೆ."

"ಎಷ್ಟು ಸಂಕಟ ಆಯಿತು ಗೊತ್ತುಂಟಾ?" ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನಿನ್ನ ದುಃಖದಲ್ಲಿ ಇಷ್ಟು ದಿವಸ ಬರೀ ಕೋಳಿಯನ್ನೇ ತಿಂದೆ."