ಅತ್ತೆಯ ಕುಪ್ಪಸದ ಹಕ್ಕಿ

ಗಾಸ್ಪರನಿಗೆ ಬಂದ ಕಷ್ಟಕ್ಕೆಲ್ಲ ಕಾರಣ ಬಾಲ್ತಸಾರನ ದವಡೆ ಹಲ್ಲು.

ಹಲ್ಲು ಒಬ್ಬನದು, ಕಷ್ಟ ಇನ್ನೊಬ್ಬನದು ಹೇಗಾಯಿತು ಎಂದರೆ, ಆ ಮಂಗಳವಾರ ನಮ್ಮೂರು ಸಾನ್ ಬೆರ್ನಾಬೆಗೆ ನೇಯ್ಗೆ ಕಸೂತಿ ನೋಡುವ ಪ್ರವಾಸಿಗಳು ಸರೋವರದ ಆಚೆ ದಡದಿಂದ ದೋಣಿಯಲ್ಲಿ ಬರುವವರಿದ್ದರು. ಹದಿನಾರು ಜನ! ಊರಿನ ಹೆಂಗಸರು ನೇಯ್ಗೆ ಸಂಘ ಕಟ್ಟಿಕೊಂಡ ಮೇಲೆ ಇಷ್ಟು ದೊಡ್ಡ ಗುಂಪು ಬರುತ್ತಿರುವುದು ಇದೇ ಮೊದಲು. ಬಂದವರಿಗೆ ಎಲ್ಲವನ್ನೂ ವಿವರಿಸುವ ಕೆಲಸವನ್ನು ಪಕ್ಕದ ಮನೆಯ ಬಾಲ್ತಸಾರನಿಗೆ ಒಪ್ಪಿಸಲಾಗಿತ್ತು. ಅವನು ಕನ್ನಡಕ ಹಾಕುತ್ತಿದ್ದ, ಅಷ್ಟೇ ಅರ್ಹತೆ. ಆದರೆ ಬೆಳಗಾಗುವಷ್ಟರಲ್ಲಿ ಅವನ ಎಡಗೆನ್ನೆ ಪರಂಗಿ ಹಣ್ಣಿನಂತೆ ಊದಿಕೊಂಡಿತ್ತು. ತಲೆಯಿಂದ ಗದ್ದದವರೆಗೆ ಬಟ್ಟೆ ಬಿಗಿದುಕೊಂಡು ಬಂದು ನಿಂತ ಅವನ ಬಾಯಿಂದ "ಊಂ... ಊಂ..." ಬಿಟ್ಟರೆ ಬೇರೇನೂ ಹೊರಡಲಿಲ್ಲ.

ಸಂಘದ ಅಧ್ಯಕ್ಷೆ ದೋನ್ಯಾ ತೋಮಾಸಾ ಅಂಗಳದ ನಡುವೆ ನಿಂತು, "ಇವನ ಕತೆ ಮುಗೀತು. ಇನ್ಯಾರಿಗೆ ಗೊತ್ತು ಇದನ್ನೆಲ್ಲ ಹೇಳೋಕೆ?" ಎಂದು ಕೇಳಿದರು.

"ನಂಗೆ ಗೊತ್ತು," ಎಂದ ಗಾಸ್ಪರ.

ಅಂಗಳದಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ಅವನತ್ತ ತಿರುಗಿದರು. ಗಾಸ್ಪರ ದೋನ್ಯಾ ತೋಮಾಸಾ ಅವರ ಅಳಿಯ. ಮದುವೆಯಾಗಿ ಎರಡು ವರ್ಷ, ಆವತ್ತಿನಿಂದಲೂ ಅತ್ತೆ ಮನೆಯಲ್ಲೇ ಠಿಕಾಣಿ. ಮೀನು ಹಿಡಿಯಲು ಹೋಗಿ ಬಲೆ ಕಳೆದುಕೊಂಡು ಬಂದಿದ್ದ, ಈರುಳ್ಳಿ ಬೆಳೆಯಲು ಹೋಗಿ ಕಳೆ ಬೆಳೆದಿದ್ದ. ಅತ್ತೆಗೆ ಸಾಕಾಗಿ ಹೋಗಿತ್ತು. ಶನಿವಾರ ಕರಾವಳಿಯ ಕಬ್ಬಿನ ತೋಟಗಳಿಗೆ ಕೂಲಿಯವರನ್ನು ಹೇರಿಕೊಂಡು ಹೋಗುವ ಲಾರಿಯಲ್ಲಿ ಅಳಿಯನಿಗೂ ಒಂದು ಜಾಗ ಹೇಳಿಟ್ಟಿದ್ದರು. ಗಾಸ್ಪರ ಒಮ್ಮೆ ಅಲ್ಲಿಗೆ ಹೋಗಿ ಬಂದವನೇ. ಆ ಸೆಕೆ, ಆ ಸೊಳ್ಳೆ, ಮೈಯೆಲ್ಲ ಗೀರುವ ಆ ಕಬ್ಬಿನ ಸೋಗೆ ನೆನೆದರೆ ಕೂತಲ್ಲೇ ಬೆವರುತ್ತಿದ್ದ.

ದೋನ್ಯಾ ತೋಮಾಸಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೇರೆ ದಾರಿ ಇರಲಿಲ್ಲ. ದೋಣಿ ಆಗಲೇ ಕಣ್ಣಿಗೆ ಬೀಳುತ್ತಿತ್ತು.

"ಸರಿ ಅಳಿಯ. ಬಂದೋರು ನಗ್‌ನಗ್ತಾ ವಾಪಸ್ ಹೋದ್ರೆ ಈ ಕೆಲಸ ಕಾಯಂ ಆಗಿ ನಿಂದೇ. ಮುಖ ಗಂಟು ಹಾಕ್ಕೊಂಡು ಹೋದ್ರೆ ಶನಿವಾರದ ಲಾರಿ ನಿಂದು."

ಹೆಂಡತಿ ಕಾಂದೆಲಾರಿಯಾ ಅವನನ್ನು ಆವಕಾಡೊ ಮರದ ಹಿಂದಕ್ಕೆ ಎಳೆದುಕೊಂಡು ಹೋದಳು. "ರೀ, ನಿಮಗೇನ್ರೀ ಗೊತ್ತು ನೇಯ್ಗೆ ವಿಷಯ?"

"ಹುಟ್ಟಿದಾಗಿಂದ ನೋಡ್ತಾ ಇದ್ದೀನಿ ಕಣೇ."

"ಚಂದ್ರನ್ನೂ ಹುಟ್ಟಿದಾಗಿಂದ ನೋಡ್ತಿದ್ದೀರಿ. ಅಲ್ಲಿಗೂ ಹೋಗಿ ಬಂದಿದ್ದೀರಾ?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದು ತುದಿ ಮರಕ್ಕೆ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು ನೆಲದಲ್ಲಿ ಕೂತು ನೇಯುವ ಮಗ್ಗ ನಮ್ಮಲ್ಲಿ ಹೆಂಗಸರದು. ಅದರಲ್ಲಿ ಮೂಡುವ ಚಿತ್ತಾರಗಳೂ ಅವರವೇ. ಪ್ರತಿ ಚಿತ್ತಾರಕ್ಕೂ ಅವರವರಲ್ಲೇ ಒಂದು ಹೆಸರಿರುತ್ತದೆ, ಆ ಹೆಸರಿಗೊಂದು ಹರಟೆ ಇರುತ್ತದೆ. ಗಂಡಸರನ್ನು ಕೇಳಿದರೆ ಹಕ್ಕಿ ಅಂದರೆ ಹಕ್ಕಿ, ಗೀಟು ಅಂದರೆ ಗೀಟು, ಅಲ್ಲಿಗೆ ಮುಗಿಯಿತು.

ದೋಣಿ ದಡ ಸೇರಿತು. ಮೊದಲು ಇಳಿದವಳು ರೆನಾತಾ, ರಾಜಧಾನಿಯಿಂದ ಗುಂಪನ್ನು ಕರೆತಂದ ಚುರುಕು ಹುಡುಗಿ. ಅವಳ ಹಿಂದೆ ಹದಿನಾರು ಜನ, ಬಹುಪಾಲು ತಲೆ ನರೆತ ಹೆಂಗಸರು. ನೆಲಕ್ಕೆ ಕಾಲಿಡುವ ಮೊದಲೇ "ಓಹ್", "ಆಹ್" ಶುರುವಾಗಿತ್ತು. ಜಾತ್ರೆಗೆ ಬಂದ ಮಕ್ಕಳಿಗೂ ಇಷ್ಟು ಸಡಗರ ಇರುವುದಿಲ್ಲ. ಒಬ್ಬಾಕೆಯಂತೂ, ಹೆಸರು ಹ್ಯಾರಿಯೆಟ್, ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡು, ಕೈಯಲ್ಲಿ ದಪ್ಪ ಪುಸ್ತಕ ಹಿಡಿದು ಓಡುತ್ತಲೇ ಬಂದಳು. ಗಾಸ್ಪರ ಎದೆಯುಬ್ಬಿಸಿ, ಟೋಪಿ ತೆಗೆದು ನಮಸ್ಕರಿಸಿದ. ಅವನು ಸ್ಪ್ಯಾನಿಷ್‌ನಲ್ಲಿ ಹೇಳಬೇಕು, ರೆನಾತಾ ಅದನ್ನು ಅವರ ಭಾಷೆಗೆ ದಾಟಿಸಬೇಕು. ಹೆಂಗಸರು ತಮ್ಮಲ್ಲಿ ಆಡಿಕೊಳ್ಳುವ ತ್ಸುತುಹಿಲ್ ಮಾತು ಬಂದವರಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಮರದ ನೆರಳಲ್ಲಿ ಹತ್ತು ಮಗ್ಗಗಳು ಸಾಲಾಗಿ ನಡೆಯುತ್ತಿದ್ದವು. ಹ್ಯಾರಿಯೆಟ್ ಮೊದಲ ಮಗ್ಗದ ಮುಂದೆಯೇ ಮಂಡಿಯೂರಿದಳು. ಪೆತ್ರೊನಾ ನೇಯುತ್ತಿದ್ದ ಬಟ್ಟೆಯ ಅಂಚಿನಲ್ಲಿ ಒಂದು ಗೀಟು ನೇರವಾಗಿ ಹೋಗಿ ಇದ್ದಕ್ಕಿದ್ದಂತೆ ಸೊಟ್ಟಗಾಗಿತ್ತು.

"ಇದರ ಅರ್ಥ ಏನು ಅಂತ ಕೇಳ್ತಿದ್ದಾರೆ," ಎಂದಳು ರೆನಾತಾ.

ಗಾಸ್ಪರ ಕಣ್ಣು ಮುಚ್ಚಿದ. ತೆರೆದ. "ಅದು ಮಿಂಚು. ಬೆಂಕಿ ಬೆಟ್ಟದ ತುದಿಯಿಂದ ಹೊರಟು ಸರೋವರಕ್ಕೆ ಇಳಿದ ಮಿಂಚು. ದಾರಿಯಲ್ಲಿ ಒಬ್ಬಳು ಸುಂದರಿ ಕಂಡಳು, ನೋಡೋಕೆ ಅಂತ ಒಂದ್‌ಸಲ ತಿರುಗ್ತು."

"ಎಳೆ ಎಣಿಸೋದು ತಪ್ಪಿದೆ, ಅಷ್ಟೇ. ಬಿಚ್ಚಬೇಕು," ಎಂದು ಪೆತ್ರೊನಾ ಪಕ್ಕದವಳಿಗೆ ಪಿಸುಗುಟ್ಟಿದಳು. ಹ್ಯಾರಿಯೆಟ್ ಆಗಲೇ ಅರ್ಧ ಪುಟ ಬರೆದಾಗಿತ್ತು. ಹದಿನಾರೂ ಜನ ಚಪ್ಪಾಳೆ ತಟ್ಟಿದರು. ಪೆತ್ರೊನಾ ಬಿಚ್ಚುವ ಯೋಚನೆ ಬಿಟ್ಟು, ಇನ್ನೊಂದು ಕಡೆಯೂ ಗೀಟನ್ನು ಸೊಟ್ಟ ಮಾಡತೊಡಗಿದಳು.

ಗಾಸ್ಪರನಿಗೆ ರೆಕ್ಕೆ ಬಂತು. ನಕ್ಷತ್ರ, ಹಾವು, ಮೆಕ್ಕೆಜೋಳ, ಏನು ತೋರಿಸಿದರೂ ಒಂದೊಂದು ಕತೆ ಬಿಟ್ಟ. ಕೊನೆಗೆ ಗುಂಪು ದೋನ್ಯಾ ತೋಮಾಸಾ ಅವರ ಮಗ್ಗದ ಮುಂದೆ ಬಂದು ನಿಂತಿತು. ಅವರು ತೊಟ್ಟಿದ್ದ ಕುಪ್ಪಸದ ಹೆಗಲ ಮೇಲೆ ಒಂದು ಹಕ್ಕಿ. ಎದುರಿನ ಮಗ್ಗದಲ್ಲೂ ಅದೇ ಹಕ್ಕಿ ಅರ್ಧ ಮೂಡಿತ್ತು. ದಪ್ಪ ಹೊಟ್ಟೆ, ಮೇಲೆತ್ತಿದ ಕತ್ತು, ಅಗಲವಾಗಿ ತೆರೆದ ಕೊಕ್ಕು, ಕಾಲಿಗೆ ಪಟ್ಟೆ ಪಟ್ಟೆ ಚಲ್ಲಣ. ನಮ್ಮೂರ ಗಂಡಸರು ಹಾಕುವುದು ಅಂಥದ್ದೇ ಮೊಣಕಾಲುದ್ದದ ಚಲ್ಲಣ.

ಹ್ಯಾರಿಯೆಟ್ ಕಿರುಚಿಯೇ ಬಿಟ್ಟಳು. ಭೂತಗನ್ನಡಿ ಅತ್ತೆಯ ಹೆಗಲಿಗೆ ತಾಗುವಷ್ಟು ಹತ್ತಿರ ಹೋಯಿತು.

"ಮೂವತ್ತು ವರ್ಷದಿಂದ ಈ ಕಡೆ ಬಟ್ಟೆ ನೋಡ್ತಿದ್ದಾರಂತೆ, ಇಂಥ ಹಕ್ಕೀನ ಎಲ್ಲೂ ನೋಡಿಲ್ವಂತೆ," ರೆನಾತಾಳ ದನಿಯೂ ಏರಿತ್ತು. "ಇದು ಯಾಕೆ ಚಲ್ಲಣ ಹಾಕಿದೆ?"

"ಇದು ಹಕ್ಕಿಗಳ ರಾಜ. ರಾಜ ಆದೋನು ಬರಿಮೈಲಿ ಓಡಾಡ್ತಾನಾ?"

"ಬಾಯಿ ಯಾಕೆ ತೆರೆದಿದೆ?"

"ಲೋಕದಲ್ಲಿ ಮೊದಲ ಮಾತು ಆಡಿದ್ದು ಇದೇ. ಅದಕ್ಕೆ ಮುಂಚೆ ಎಲ್ಲ ಮೌನ. ಇದು ಆವತ್ತು ತೆರೆದ ಬಾಯಿ, ಇವತ್ತಿನವರೆಗೂ ಮುಚ್ಚಿಲ್ಲ!"

ಇದನ್ನು ಕೇಳಿದ್ದೇ ನೇಯುತ್ತಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ಪೆತ್ರೊನಾಳ ಸೊಂಟದ ಪಟ್ಟಿ ಸಡಿಲವಾಗಿ ಎಳೆಗಳೆಲ್ಲ ಸಿಕ್ಕಾದವು. ಗೋಡೆಗೊರಗಿ ನಿಂತಿದ್ದ ಬಾಲ್ತಸಾರ ನಗಲು ಹೋಗಿ, ದವಡೆ ಚುಚ್ಚಿ, "ಅಯ್ಯಯ್ಯೋ" ಎಂದು ಅರಚಿ, ಮತ್ತೆ ನಕ್ಕು, ಮತ್ತೆ ಅರಚಿದ. ಹೊಟ್ಟೆಕಿಚ್ಚು ಮನುಷ್ಯನನ್ನು ಎಷ್ಟು ಹಿಂಸಿಸುತ್ತದೆ ಎಂದು ಗಾಸ್ಪರನಿಗೆ ಮರುಕವಾಯಿತು.

ಅಷ್ಟರಲ್ಲಿ ಹ್ಯಾರಿಯೆಟ್ ಅವನ ಕಾಲ ಬಳಿ ಕುಸಿದು ಕೂತಿದ್ದಳು. ಅವನ ಚಲ್ಲಣದ ಅಂಚಿನಲ್ಲೂ ಅದೇ ಹಕ್ಕಿ, ಸುತ್ತಲೂ ಸಾಲಾಗಿ, ಸಣ್ಣಗೆ, ಸೂಜಿಯಲ್ಲಿ ಹಾಕಿದ್ದು. ಕಾಂದೆಲಾರಿಯಾಳ ಕೈಕೆಲಸ.

"ಇದು ಎಲ್ಲರಿಗೂ ಸಿಗೋದಲ್ಲ. ಹಿರಿಯರು ಆರಿಸಿದೋರಿಗೆ ಮಾತ್ರ," ಎಂದ ಗಾಸ್ಪರ ಗಂಭೀರವಾಗಿ. ಹದಿನಾರು ಫೋನುಗಳು ಅವನ ಮೊಣಕಾಲಿನ ಫೋಟೊ ಹಿಡಿದವು. ಕಾಂದೆಲಾರಿಯಾ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಗಂಡನ ಏಳಿಗೆ ಕಂಡು ಅಳು ಬಂದಿರಬೇಕು, ಪಾಪ.

ಆಗಲೇ ಅವನ ಕಿವಿಗೆ ಇನ್ನೊಂದು ಮಾತು ಬಿತ್ತು. ಅತ್ತೆ ಪಕ್ಕದ ಮಗ್ಗಕ್ಕೆ ಬಂದು ಕೂತ ತಮ್ಮ ಮಗಳಿಗೆ ಹೇಳುತ್ತಿದ್ದರು: "ಅಳಿಯನ ಹೊಟ್ಟೆ ಇನ್ನೂ ಖಾಲಿ ಇದೆ ನೋಡೇ. ಮೊದಲು ಅದನ್ನ ತುಂಬಿಸು. ಕೆಂಪು ಜಾಸ್ತಿ ಹಾಕು, ಜಿಪುಣತನ ಮಾಡಬೇಡ."

ಗಾಸ್ಪರ ಕಿವಿ ನಿಮಿರಿಸಿದ. ಎರಡು ವರ್ಷದಲ್ಲಿ ಆ ಮನೆಯಲ್ಲಿ ಅವನ ಹೊಟ್ಟೆಯ ಬಗ್ಗೆ ಯಾರಾದರೂ ವಿಚಾರಿಸಿದ್ದುಂಟೇ! ಕೆಂಪು ಜಾಸ್ತಿ ಅಂದರೆ ಕೆಂಪು ಮೆಣಸಿನ ಸಾರು, ಕೋಳಿ ಹಾಕಿದ್ದು. ಅದರ ವಾಸನೆಯೂ ಮೂಗಿಗೆ ಬಂದಂತಾಯಿತು.

"ಮತ್ತೆ, ಅಳಿಯನ್ನ ಮೂಲೆಗೆ ತಳ್ಳಬೇಡ. ನಡುಮಧ್ಯ ಕೂರಿಸು. ಅಲ್ಲಿದ್ರೇನೇ ಚೆಂದ," ಎಂದರು ಅತ್ತೆ.

ಯಾರೂ ಕೂರಿಸುವವರೆಗೆ ಗಾಸ್ಪರ ಕಾಯಲಿಲ್ಲ. ಪ್ರವಾಸಿಗಳಿಗೆಂದು ಹಾಸಿದ್ದ ಚಾಪೆಯ ನಟ್ಟನಡುವೆ ತಾನೇ ಹೋಗಿ ಕೂತ. ಬಂದವರು ಇದೂ ಒಂದು ವಿಧಿಯಿರಬೇಕೆಂದು ಸುತ್ತಲೂ ಕೂತರು. ಸಾರು ಮಾತ್ರ ಬರಲಿಲ್ಲ. ಬೇಯುತ್ತಿರಬಹುದು ಎಂದುಕೊಂಡ.

ಹನ್ನೆರಡರ ಹೊತ್ತಿಗೆ ಸರೋವರದ ಮೇಲೆ ಮಧ್ಯಾಹ್ನದ ಗಾಳಿ ಏಳುವ ಸೂಚನೆ ಕಂಡು, ದೋಣಿಯವನು ಕೆಳಗಿನಿಂದ ಕೂಗು ಹಾಕತೊಡಗಿದ. ಅಂಗಳದಲ್ಲಿ ಒಂದೇ ಗಲಿಬಿಲಿ. ಎಲ್ಲರಿಗೂ ಆ ಹಕ್ಕಿಯೇ ಬೇಕು. ಚೀಲದ ಮೇಲೆ, ದಿಂಬಿನ ಮೇಲೆ, ಕುಪ್ಪಸದ ಮೇಲೆ! ರೆನಾತಾ ಬರೆದುಕೊಂಡು ಬರೆದುಕೊಂಡು ಸುಸ್ತಾದಳು. ನಲವತ್ತು ಹಕ್ಕಿಗಳನ್ನು ನೇಯ್ದು ಕೊಡಬೇಕೆಂದು ತೀರ್ಮಾನವಾಯಿತು.

"ಗುರುವಾರ ಇನ್ನೊಂದು ಗುಂಪು ತರ್ತೀನಿ ದೋನ್ಯಾ ತೋಮಾಸಾ. ಆಮೇಲೆ ವಾರ ವಾರವೂ ಬರ್ತೀವಿ. ಆದ್ರೆ ಈ ಹಕ್ಕಿ ಕತೆ ಇವರ ಬಾಯಿಂದಲೇ ಆಗ್ಬೇಕು," ಎಂದು ರೆನಾತಾ ಗಾಸ್ಪರನತ್ತ ಕೈ ತೋರಿಸಿದಳು.

ದೋನ್ಯಾ ತೋಮಾಸಾ ಸೊಂಟದ ಪಟ್ಟಿ ಬಿಚ್ಚಿ ಎದ್ದು ನಿಂತರು. ಎಲ್ಲರೆದುರು ಅಳಿಯನ ತಲೆ ಸವರಿದರು. "ಕೆಲಸ ನಿಂದೇ ಕಣಪ್ಪ. ಶನಿವಾರದ ಲಾರಿಗೆ ನೀನು ಹೋಗೋದು ಬೇಡ."

ಗಾಸ್ಪರ ಗಾಳಿಯಲ್ಲಿ ತೇಲಿದ. ಅವನ ಕಣ್ಣಲ್ಲಿ ನೀರು ಬಂತು. ಗೋಡೆಯ ಬಳಿಯಿದ್ದ ಬಾಲ್ತಸಾರನಿಗೆ ಕೈಬೀಸಿ, "ಹಲ್ಲು ಚೆನ್ನಾಗಿ ನೋಡ್ಕೋ ತಮ್ಮಾ!" ಎಂದು ಕೂಗಿದ. ಇಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಹೊರಡುವ ಮೊದಲು ಹ್ಯಾರಿಯೆಟ್ ಪುಸ್ತಕ ಬಿಚ್ಚಿ ಮತ್ತೆ ಬಂದಳು. ಹಕ್ಕಿಯ ಹೆಸರು ಬೇಕಂತೆ. ಗಾಸ್ಪರ ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು. ನೇಯ್ದವರ ಬಾಯಿಂದಲೇ, ಅವರ ಭಾಷೆಯಲ್ಲೇ ಬೇಕಂತೆ. ಗಾಸ್ಪರ ಅತ್ತೆಯ ಕಡೆ ತಿರುಗಿದ.

"ಅತ್ತೆ, ಈ ಹಕ್ಕಿಗೆ ನೀವು ಏನಂತೀರಿ?"

"ಅಳಿಯ," ಎಂದರು ದೋನ್ಯಾ ತೋಮಾಸಾ.

"ಹಾಂ, ಹೇಳಿ ಅತ್ತೆ."

"ಅಳಿಯ."

"ಇಲ್ಲೇ ಇದ್ದೀನಲ್ಲ, ಹೇಳಿ. ಹೆಸರೇನು ಅದರದ್ದು?"

"ಎಷ್ಟು ಸಲ ಹೇಳೋದಪ್ಪ? ಅದರ ಹೆಸರೇ 'ಅಳಿಯ'!"

ಮರುಕ್ಷಣ ಹತ್ತೂ ಮಗ್ಗಗಳ ಹೆಂಗಸರು ತಡೆದಿಟ್ಟಿದ್ದ ನಗೆಯನ್ನೆಲ್ಲ ಒಟ್ಟಿಗೆ ಬಿಟ್ಟರು. ಗಾಸ್ಪರ ಹಕ್ಕಿಯನ್ನು ನೋಡಿದ. ಹೊಟ್ಟೆ, ಚಲ್ಲಣ, ತೆರೆದ ಬಾಯಿ. ಆಮೇಲೆ ಹೆಂಡತಿಯನ್ನು ನೋಡಿದ.

"ನಮ್ಮ ಮದುವೆಯಾದ ವಾರವೇ ಅಮ್ಮ ಇದನ್ನ ನೇಯ್ದಿದ್ದು ರೀ," ಎಂದಳು ಕಾಂದೆಲಾರಿಯಾ ಮೆಲ್ಲಗೆ. "ನೋಡಿದೋರೆಲ್ಲ ಕಲಿತುಬಿಟ್ರು. ಈಗ ಊರಲ್ಲಿ ಇಲ್ಲದ ಮನೆಯಿಲ್ಲ."

"ಹಾಗಾದ್ರೆ ಹೊಟ್ಟೆ ತುಂಬಿಸು ಅಂದಿದ್ದು?"

"ಹಕ್ಕೀದು. ಕೆಂಪು ದಾರದಲ್ಲಿ."

"ನಡುಮಧ್ಯ ಕೂರಿಸು ಅಂದಿದ್ದು?"

"ಅದೂ ಹಕ್ಕೀನೇ."

"ನನ್ನ ಚಲ್ಲಣದ ತುಂಬ ಹಾಕಿದ್ದು ನೀನೇ ಅಲ್ವೇನೇ!"

"ಮುದ್ದಾಗಿತ್ತು ರೀ," ಎಂದಳು ಅವಳು.

ಹ್ಯಾರಿಯೆಟ್‌ಗೆ ಅರ್ಥವೇನೂ ಬೇಕಿರಲಿಲ್ಲ. ಪದ ಸಿಕ್ಕಿತ್ತಲ್ಲ! ಅದನ್ನು ನಮ್ಮ ಭಾಷೆಯಲ್ಲೇ ನಾಲಿಗೆ ಹೊರಳಿಸಿ ಹೊರಳಿಸಿ ಕಲಿತು, ಉಳಿದವರಿಗೂ ಕಲಿಸಿದಳು. ದೋಣಿ ದಡ ಬಿಟ್ಟಾಗ ಹದಿನಾರೂ ಜನ ಎದ್ದು ನಿಂತು, ಕೈಯೆತ್ತಿ, "ಅಳಿಯ! ಅಳಿಯ!" ಎಂದು ಜಯಕಾರ ಹಾಕಿದರು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೋಪು ಬಿಟ್ಟು ನಕ್ಕರು. ಬಾಲ್ತಸಾರನಂತೂ ಎರಡು ಕೈಯಲ್ಲೂ ದವಡೆ ಹಿಡಿದುಕೊಂಡು ನೆಲದ ಮೇಲೆ ಹೊರಳುತ್ತಿದ್ದ.

ಗಾಸ್ಪರ ದಾಪುಗಾಲಿಟ್ಟು ಮನೆಗೆ ಬಂದ. ಗೂಟದಲ್ಲಿದ್ದ ಚೀಲಕ್ಕೆ ಅಂಗಿ ತುರುಕಿದ, ಮಚ್ಚು ಸಿಕ್ಕಿಸಿದ. ಅಂಗಳಕ್ಕೆ ಬಂದು, ಆಗಲೇ ಮತ್ತೆ ಮಗ್ಗಕ್ಕೆ ಕೂತಿದ್ದ ಅತ್ತೆಯ ಮುಂದೆ ನಿಂತ. "ಅತ್ತೆ, ನಾನು ಶನಿವಾರದ ಲಾರಿಗೆ ಹೋಗ್ತೀನಿ. ಕಬ್ಬು ಕಡಿದು ಸಾಯ್ತೀನಿ. ಈ ಕೆಲಸ ನಂಗೆ ಬೇಡ."

"ಆ ಜಾಗ ಬಾಲ್ತಸಾರನಿಗೆ ಕೊಟ್ಟಾಯ್ತು," ಎಂದರು ದೋನ್ಯಾ ತೋಮಾಸಾ ತಲೆಯೆತ್ತದೆ. "ಗುರುವಾರ ಜನ ಬರ್ತಾರೆ, ನಲವತ್ತು ಹಕ್ಕಿ ಆಗ್ಬೇಕು. ನೀನು ಹೋದ್ರೆ ನಾನು ಯಾರನ್ನ ನೋಡ್ಕೊಂಡು ನೇಯ್ಲಿ? ಕೂತ್ಕೋ ಇಲ್ಲಿ."

ಗಾಸ್ಪರನಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಎರಡು ವರ್ಷದಿಂದ ನುಂಗಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡಬೇಕೆಂದು ಕತ್ತೆತ್ತಿ, ಬಾಯನ್ನು ಅಗಲವಾಗಿ ತೆರೆದ.

"ಹಾಂ!" ಎಂದರು ಅತ್ತೆ, ಕೆಂಪು ದಾರ ಕೈಗೆತ್ತಿಕೊಂಡು. "ಹಾಗೇ ಇರು. ಅಲ್ಲಾಡಬೇಡ."