ಅಮೆರಿಕ–ಜಪಾನ್ ಎಂಬ ಹವ್ಯಾಸ

ದೆಹಲಿಯ ಮುಖರ್ಜಿ ನಗರದಲ್ಲಿ ಪಾಠ ಹೇಳುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಂದು ಮುಂದಿನ ಬೆಂಚಿನಲ್ಲಿ ಕೂತಿರುತ್ತದೆ. ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತನಾದ ಮೇಲೆ ಇಲ್ಲಿನ ಒಂದು ಕೋಚಿಂಗ್ ಸೆಂಟರಿನಲ್ಲಿ ನಾನು ಸಿವಿಲ್ ಸರ್ವಿಸ್ ಹುಡುಗರಿಗೆ ಅಂತರರಾಷ್ಟ್ರೀಯ ಸಂಬಂಧ ಕಲಿಸುತ್ತೇನೆ. ಕಳೆದ ವರ್ಷ ನಗು ತುಮಕೂರಿನ ಒಬ್ಬ ಹುಡುಗಿಯ ರೂಪದಲ್ಲಿ ಬಂದಿತ್ತು.

ಯಾರೂ ಕೇಳದ ಹವ್ಯಾಸ

ಆ ಹುಡುಗಿಗೆ ಅದೇ ಕೊನೆಯ ಅವಕಾಶ. ಹಿಂದಿನ ಸಲ ಸಂದರ್ಶನದವರೆಗೆ ಹೋಗಿ ಬಿದ್ದಿದ್ದಳು. ಅರ್ಜಿಯಲ್ಲಿ ಹವ್ಯಾಸ ಅಡುಗೆ ಎಂದು ಬರೆದಿದ್ದಳಂತೆ. ಮಂಡಳಿಯ ಒಬ್ಬ ಮೇಡಂ ಬಿಸಿಬೇಳೆಬಾತಿನ ಪುಡಿಗೆ ಏನೇನು ಹುರಿಯಬೇಕು ಎಂದು ಕೇಳಿದ್ದರು. ಇವಳಿಗೆ ಬರುತ್ತಿದ್ದದ್ದು ನೂಡಲ್ಸ್ ಮಾತ್ರ.

"ಈ ಸಲ ಏನು ಬರೆದೆಯಮ್ಮ?" ಎಂದೆ.

"ಎರಡನೇ ಮಹಾಯುದ್ಧದ ನಂತರದ ಅಮೆರಿಕ–ಜಪಾನ್ ಭದ್ರತಾ ಸಂಬಂಧಗಳ ಅಧ್ಯಯನ, ಸರ್."

"ಯಾವಾಗಿಂದ ಈ ಹವ್ಯಾಸ?"

"ಇನ್ನೂ ಶುರು ಮಾಡಿಲ್ಲ ಸರ್. ಇಂಥದ್ದು ಬರೆದ್ರೆ ಯಾರೂ ಕೇಳಲ್ಲ ಅಂತ ಸೀನಿಯರ್ ಹೇಳಿದ್ರು."

ಕೇಳಿಬಿಟ್ಟರೆ ಎಂಬ ಭಯ ಅವಳಿಗಿಂತ ನನಗೇ ಹೆಚ್ಚಾಯಿತು. ಭಾನುವಾರ ಮಯೂರ್ ವಿಹಾರಿನ ನಮ್ಮ ಮನೆಗೆ ಬಾ ಎಂದೆ. ಬಿಸಿಬೇಳೆಬಾತ್ ಇರುತ್ತಾ ಸರ್ ಎಂದು ಕೇಳಿಕೊಂಡೇ ಬಂದಳು.

ನಮ್ಮನೆ ಒಪ್ಪಂದ

ಊಟದ ಮೇಜಿನ ಮೇಲೆ ಪಾಠ ಶುರುವಾಯಿತು. ಜಪಾನಿನ ಮೇಲೆ ಯಾರಾದರೂ ಏರಿಬಂದರೆ ಅಮೆರಿಕ ಕಾಪಾಡಬೇಕು. ಅಮೆರಿಕದ ನೆಲದ ಮೇಲೆ ಯಾರಾದರೂ ದಾಳಿ ಮಾಡಿದರೆ ಜಪಾನ್ ಓಡಿಹೋಗಲೇಬೇಕು ಎಂದು ಒಪ್ಪಂದದಲ್ಲಿಲ್ಲ. ಬದಲಿಗೆ ಜಪಾನ್ ತನ್ನ ನೆಲದಲ್ಲಿ ಅಮೆರಿಕದ ಸೇನೆಗೆ ಜಾಗ ಕೊಡಬೇಕು. ಹುಡುಗಿ ತಲೆ ಕೆರೆದುಕೊಂಡಳು.

ತುಪ್ಪ ಬಡಿಸುತ್ತಿದ್ದ ನನ್ನ ಹೆಂಡತಿ, "ಇದರಲ್ಲಿ ಅರ್ಥ ಆಗದೆ ಇರೋದು ಏನಿದೆ?" ಎಂದಳು. "ಪಾರ್ಕಿಂಗ್ ವಿಷಯಕ್ಕೆ ಸೊಸೈಟಿ ಸೆಕ್ರೆಟರಿ ಇವರ ಮೇಲೆ ರೇಗಿದಾಗ ನಾನು ಇಳಿದು ಹೋಗಿ ಬಿಡಿಸಿದೆ. ತರಕಾರಿ ಭಯ್ಯಾ ಹತ್ತಿರ ನಾನು ಜಗಳಕ್ಕೆ ನಿಂತಾಗ ಇವರು ಬಾಲ್ಕನಿಯಲ್ಲಿ ನಿಂತು ಟೀ ಕುಡೀತಿದ್ರು."

"ಅಚ್ಛಾ! ಹಾಗಾದ್ರೆ ಸೇನಾ ನೆಲೆ ಎಲ್ಲಿ ಆಂಟಿ?"

ಹೆಂಡತಿ ಹಿಂದಿನ ಕೋಣೆಯ ಕಡೆ ಕೈ ತೋರಿಸಿದಳು. ಅದು ಒಂದು ಕಾಲಕ್ಕೆ ನನ್ನ ಓದುವ ಕೋಣೆ. ಎರಡು ವಾರದ ಮಟ್ಟಿಗೆ ಎಂದು ಬಂದ ನನ್ನ ಅತ್ತೆ ಐದು ವರ್ಷದಿಂದ ಅಲ್ಲಿದ್ದಾರೆ.

ಇದೆ, ಇಲ್ಲ

ಆಮೇಲೆ ಅವಳಿಗೆ ವಿಷಯದ ಹುಚ್ಚೇ ಹಿಡಿಯಿತು. ಮೆಟ್ರೋದಲ್ಲಿ ಓದಿದಳು, ಹಾಸ್ಟೆಲಿನಲ್ಲಿ ರೂಮ್‌ಮೇಟಿಗೆ ಕೊರೆದಳು. ನಮ್ಮ ಸೆಂಟರಿನಲ್ಲಿ ಅಣಕು ಸಂದರ್ಶನ ಇಟ್ಟೆವು. ಅಧ್ಯಕ್ಷರಾಗಿ ಕೂತವರು ನಿವೃತ್ತ ಕರ್ನಲ್ ಒಬ್ಬರು.

"ಜಪಾನಿಗೆ ಸೈನ್ಯ ಇದೆಯೇ?" ಎಂದು ಅವರು ಕೇಳಿದರು.

"ಇಲ್ಲ ಸರ್. ಆದರೆ ಇದೆ ಸರ್."

ಕರ್ನಲ್ ಮೀಸೆ ಕುಣಿಯಿತು. "ಒಂದು ಹೇಳಿ."

"ಸಂವಿಧಾನದಲ್ಲಿ ಇಲ್ಲ ಸರ್, ಸಮುದ್ರದಲ್ಲಿ ಇದೆ. ಸೈನ್ಯ ಅನ್ನಲ್ಲ, ಸ್ವರಕ್ಷಣಾ ಪಡೆ ಅಂತಾರೆ."

ಟೀ ವಿರಾಮದಲ್ಲಿ ಕರ್ನಲ್ ನನ್ನನ್ನು ಪಕ್ಕಕ್ಕೆ ಕರೆದು, ಹುಡುಗಿ ಹೇಳಿದ್ದು ನಿಜವೇ ಎಂದು ಕೇಳಿದರು. ನಿಜ ಎಂದೆ. ಅವರ ಮುಖದಲ್ಲಿ ನಿಜವಾದ ಕಳವಳ ಕಂಡಿತು.

"ಇಲ್ಲದ ಸೈನ್ಯದಿಂದ ರಿಟೈರ್ ಆದವರಿಗೆ ಪೆನ್ಷನ್ ಹೇಗ್ರೀ ಕೊಡ್ತಾರೆ?"

ಕೊನೆಗೂ ಸಂದರ್ಶನ

ಸಂದರ್ಶನದ ದಿನ ನಾನೂ ಹೋಗಿ ಹೊರಗೆ ಮರದಡಿ ನಿಂತಿದ್ದೆ. ನನ್ನ ಮಗಳ ಮದುವೆಯ ದಿನವೂ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಹುಡುಗಿ ಸಪ್ಪೆ ಮುಖ ಹೊತ್ತು ಬಂದಳು.

"ನೀರಾವರಿ ಕೇಳಿದ್ರು, ಬ್ಯಾಂಕ್ ಕೇಳಿದ್ರು, ತುಮಕೂರಿನ ತಟ್ಟೆ ಇಡ್ಲಿನೂ ಕೇಳಿದ್ರು. ಹವ್ಯಾಸ ಮಾತ್ರ ಕೇಳಲಿಲ್ಲ ಸರ್. ಇನ್ನು ನೀವು ಹೋಗಬಹುದು ಅಂದ್ರು."

"ಒಳ್ಳೆಯದೇ ಆಯ್ತಲ್ಲ!"

"ನಾನು ಏಳಲಿಲ್ಲ ಸರ್. ಇಷ್ಟೆಲ್ಲಾ ಓದಿದ್ದೀನಿ, ದಯವಿಟ್ಟು ಹವ್ಯಾಸದ ಬಗ್ಗೆ ಒಂದಾದ್ರೂ ಪ್ರಶ್ನೆ ಕೇಳಿ ಅಂದೆ."

ಮುಗಿದ ಸಂದರ್ಶನವನ್ನು ಮತ್ತೆ ಶುರು ಮಾಡಿಸುವ ಮಗುವನ್ನು ನಾನು ಕಂಡಿರಲಿಲ್ಲ. ಕೊನೆಯ ಅವಕಾಶ ಎಂಬುದು ತಲೆಯಲ್ಲಿತ್ತೇ ಎಂದು ಬೈಯಲು ಶುರು ಮಾಡಿದವನು ಮೆಟ್ರೋ ನಿಲ್ದಾಣದವರೆಗೂ ಬೈದೆ. ಪಾಪ, ಅವಳು ಎರಡು ಸಲ ಬಾಯಿ ತೆರೆದಳು, ನಾನು ಬಿಡಲಿಲ್ಲ.

ಫಲಿತಾಂಶ ಬಂತು. ಹುಡುಗಿ ಪಾಸಾಗಿದ್ದಳು, ಸಂದರ್ಶನದಲ್ಲಿ ಭರ್ಜರಿ ಅಂಕ. ಲಾಡು ಹಿಡಿದು ಮನೆಗೆ ಬಂದಳು. ನಾನು ಅವತ್ತೇ ಕೇಳಬೇಕಾದ್ದನ್ನು ನನ್ನ ಹೆಂಡತಿಯೇ ಕೇಳಿದಳು: "ಪ್ರಶ್ನೆ ಕೇಳಿ ಅಂದಾಗ ಅವರು ಏನಂದ್ರಮ್ಮ?"

"ಅದನ್ನೇ ಅವತ್ತು ಹೇಳೋಕೆ ಹೋದೆ ಆಂಟಿ, ಸರ್ ಬಿಡಲಿಲ್ಲ. ಮಂಡಳಿಯ ಅಧ್ಯಕ್ಷರು ಆ ಕಡೆ ಈ ಕಡೆ ಎಲ್ಲರ ಮುಖ ನೋಡಿದ್ರು. ಆಮೇಲೆ ಮೆಲ್ಲಗೆ ಹೇಳಿದ್ರು, 'ನಾವು ಮರೆತಿಲ್ಲಮ್ಮ, ಬೇಕಂತಲೇ ಬಿಟ್ಟಿದ್ದು. ಕೇಳೋ ಅಷ್ಟು ನಮ್ಮಲ್ಲಿ ಯಾರೂ ಓದಿಕೊಂಡು ಬಂದಿಲ್ಲ. ಪ್ರಶ್ನೆನೂ ನೀವೇ ಕೇಳ್ಕೊಂಡು ಉತ್ತರ ಹೇಳಿಬಿಡಿ.'"