ಒಂದೇ ಮನೆಯ ಇಬ್ಬರು ಡ್ರೈವರುಗಳು

ವ್ಯಾನಿನ ಡ್ರೈವರ್ ಇರುವ ಮನೆಗೆ ಕಂಪ್ಯೂಟರಿನ ಡ್ರೈವರ್ ಬರೆಯುವವಳು ಸೊಸೆಯಾಗಿ ಬಂದರೆ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮದು ಶಿಗ್ಗಾಂವ. ಸವಣೂರಿನ ಕಡೆಯಿಂದ ಬಂದ ನನ್ನ ನೆಗೆಣ್ಣಿ, ಅಂದರೆ ಮನೆಯ ಹಿರಿಸೊಸೆ, ಶಾಲೆಯ ವ್ಯಾನ್ ಓಡಿಸುತ್ತಾಳೆ. ನಾನು ಮನೆಯಲ್ಲೇ ಕುಳಿತು ಒಂದು ಕಂಪನಿಗಾಗಿ, ನೆಟ್‌ವರ್ಕ್ ಕಾರ್ಡು ಕಂಪ್ಯೂಟರಿನ ಮಾತು ಕೇಳುವಂತೆ ಮಾಡುವ ಪ್ರೋಗ್ರಾಮ್ ಬರೆಯುತ್ತೇನೆ. ಅದಕ್ಕೂ ಡ್ರೈವರ್ ಎಂದೇ ಹೆಸರು. ಓಣಿಯವರೆಲ್ಲ ಹೊಗಳುವುದು ಮಾತ್ರ ಅವಳನ್ನು. ಹೊಟ್ಟೆಕಿಚ್ಚು ಇದೆಯೇ ಎಂದರೆ, ಇದೆ. ಅತ್ತೆ ಒಮ್ಮೆಯಾದರೂ ನಾಲ್ಕು ಜನರ ಮುಂದೆ ನನ್ನ ಕೆಲಸ ಏನೆಂದು ಹೆಮ್ಮೆಯಿಂದ ಹೇಳಲಿ ಎಂಬುದೊಂದೇ ನನ್ನ ಆಸೆ.

ಹಾನಗಲ್ಲಿನ ಬೀಗರು

ಬೀಗರು ಬಂದಾಗ ಅತ್ತೆ ಪರಿಚಯ ಮಾಡಿಸಿದರು. "ಇಬ್ಬರೂ ಸೊಸಿಯಾರು ಡ್ರೈವರ್ ಅದಾರ್ರಿ. ದೊಡ್ಡಾಕಿ ವ್ಯಾನ್ ಹೊಡೀತಾಳ."

"ಸಣ್ಣಾಕಿ?"

"ಆಕಿಗೆ ಇನ್ನೂ ಗಾಡಿ ಕೊಟ್ಟಿಲ್ರಿ. ಮನ್ಯಾಗ ಕುಂತು ಕಲ್ಯಾಕತ್ತಾಳ."

ಲಕೋಟೆಯೊಳಗಿನ ಲಕೋಟೆ

ಇನ್ನು ತಡೆಯಲಾರದೆ ಅತ್ತೆಗೆ ತಿಳಿಸಿ ಹೇಳಲು ಕೂತೆ. "ಅತ್ತಿ, ನಮ್ಮ ನೆಟ್‌ವರ್ಕ್ ಕೆಲಸದಾಗ ಟನಲ್ ಅಂದ್ರ ಲಕೋಟಿ ಒಳಗ ಇನ್ನೊಂದು ಲಕೋಟಿ ಇದ್ದಂಗ. ಬಿಚ್ಚಿ, ಯಾವುದು ಎಲ್ಲಿಗೆ ಅಂತ ನಿಯಮ ನೋಡಿ ಕಳಿಸಬೇಕು. ಇಷ್ಟು ದಿನ ಕಂಪ್ಯೂಟರಿನ ತಲಿ, ಪ್ರೊಸೆಸರ್, ಒಂದ ದುಡೀತಿತ್ತು. ಈಗ ಆ ನಿಯಮ ಎಲ್ಲಾ ನಾ ಕಾರ್ಡಿಗೆ ಕಲಿಸೇನಿ. ಪ್ರೊಸೆಸರ್ ಆರಾಮ ಕುಂತೈತಿ!"

ಅತ್ತೆ ಮೊರ ನನ್ನ ಮುಂದೆ ಸರಿಸಿದರು. "ಹಂಗ ಖಾಲಿ ಕುಂತಿದ್ರ, ಅದಕ್ಕ ಈ ಅವರಿಕಾಯಿ ಬಿಡಸಾಕ ಹಚ್ಚು."

ಹಿರೇಕೆರೂರಿನ ಸನ್ಮಾನ

ಅಲ್ಲಿನ ಮಹಿಳಾ ಸಂಘವೊಂದು ಹೆಣ್ಣು ಡ್ರೈವರುಗಳಿಗೆ ಶಾಲು ಹೊದಿಸುತ್ತೇವೆಂದು ನೆಗೆಣ್ಣಿಯನ್ನು ಕರೆಯಿತು. ನನಗೆ ಊಟ ಸೇರಲಿಲ್ಲ. ನನ್ನ ಮುಖ ನೋಡಲಾರದೆ ಅತ್ತೆ ಸಂಘಕ್ಕೆ ಫೋನು ಮಾಡಿ, "ಸಣ್ಣಾಕಿನೂ ಡ್ರೈವರ್ ಅದಾಳ್ರಿ, ಅದೇನೋ ಟನಲ್ಲಿಂದು" ಎಂದರು.

ವೇದಿಕೆಯಲ್ಲಿ ನಿರೂಪಕಿ ಕೂಗಿದಳು: "ಕತ್ತಲ ಸುರಂಗದಾಗ ಗಾಡಿ ಹೊಡಿಯೋ ಧೀರ ಮಹಿಳೆ!" ನೆಗೆಣ್ಣಿಗಿಂತ ನನಗೇ ಜೋರು ಚಪ್ಪಾಳೆ. ಅವಳ ಮುಖ ಸಣ್ಣದಾಯಿತು. ನಾನು ಶಾಲನ್ನು ಇನ್ನಷ್ಟು ಅಗಲ ಮಾಡಿ ಹೊದ್ದುಕೊಂಡೆ.

ಕೆಳಗಿಳಿದ ಕೂಡಲೇ ಸಂಘದ ಅಧ್ಯಕ್ಷೆ ತಮ್ಮ ಕಾರಿನ ಕೀಲಿ ನನ್ನ ಕೈಗಿಟ್ಟರು. "ಗಾಡಿ ಸಂದ್ಯಾಗ ಸಿಕ್ಕೊಂಡೈತ್ರಿ, ಹಿಂದಕ್ಕ ತಗದು ಕೊಡ್ರಿ. ಸುರಂಗದಾಗ ಹೊಡಿಯೋರಿಗೆ ಇದೇನ್ ಮಹಾ!"

ನನಗೆ ಸೈಕಲ್ಲೂ ಬರುವುದಿಲ್ಲ. ಕೀಲಿಯನ್ನು ಮೆಲ್ಲಗೆ ನೆಗೆಣ್ಣಿಯ ಕೈಗೆ ದಾಟಿಸಿದೆ. ಅವಳು ಗೋಡೆಗೆ ತಾಗದಂತೆ ಸಲೀಸಾಗಿ ಕಾರು ಹೊರತೆಗೆದಳು.

ಅಧ್ಯಕ್ಷೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರ ನೀವು ಮಾಡೂದೇನ್ರಿ?" ಎಂದರು.

ಅತ್ತೆ ಎದೆಯುಬ್ಬಿಸಿ ಮುಂದೆ ಬಂದರು. "ಈಗ ನೋಡಿದ್ರೆಲ್ರಿ, ಇದನ್ನ ಮಾಡ್ತಾಳ! ತನ್ನ ಮ್ಯಾಲೆ ಬಂದ ಕೆಲಸ ಮತ್ತೊಬ್ಬರ ಕೈಗೆ ದಾಟಿಸೂದು. ಅದಕ್ಕ ಕಂಪನ್ಯಾವ್ರು ಪಗಾರ ಕೊಡ್ತಾರ!"